ಅಣ್ಣನನ್ನು ಕರೆತರಲು ರಖಿಯಾಲ್‌ಗೆ

ಭಾಷೆ ಬಾರದ ಊರೆಲ್ಲ ಪರದೇಶವೇ. ಪಾಸ್‌ಪೋರ್ಟು ಕೇಳುವವರಿಲ್ಲ ಎಂಬುದಷ್ಟೇ ವ್ಯತ್ಯಾಸ. ಹಾಗೆ ನೋಡಿದರೆ ನಾನು ಪರದೇಶಕ್ಕೆ ಹೋಗಿ ಬಂದದ್ದು ಜೀವಮಾನದಲ್ಲಿ ಒಂದೇ ಸಲ, ಅದೂ ನಿವೃತ್ತನಾಗಿ, ಎರಡು ಮೊಣಕಾಲೂ ಮಾತು ಕೇಳದಂತಾದ ಮೇಲೆ.

ದಾವಣಗೆರೆಯ ಹೈಸ್ಕೂಲೊಂದರಲ್ಲಿ ನಾನು ಮೂವತ್ತು ವರ್ಷ ಭೂಗೋಳ ಹೇಳಿದವನು. ಅಹಮದಾಬಾದಿನಲ್ಲಿ ಹತ್ತಿ ಗಿರಣಿಗಳು ಬೆಳೆಯಲು ಕಾರಣಗಳೇನು ಎಂಬ ಐದು ಅಂಕದ ಪ್ರಶ್ನೆಗೆ ಎಷ್ಟು ಸಾವಿರ ಮಕ್ಕಳಿಂದ ಉತ್ತರ ಬರೆಸಿದ್ದೇನೋ ಲೆಕ್ಕವಿಲ್ಲ. ಹತ್ತಿ ಬೆಳೆಯುವ ಕಪ್ಪು ಮಣ್ಣು, ಬಂಡವಾಳ, ಅಗ್ಗದ ಕೂಲಿ, ರೈಲು, ಮಾರುಕಟ್ಟೆ. ಐದು ಕಾರಣ, ಐದು ಅಂಕ. ಆ ಊರನ್ನು ಮಾತ್ರ ನಾನು ಕಂಡಿರಲಿಲ್ಲ. ನಮ್ಮ ಮನೆಯಲ್ಲಿ ಕಂಡವನೆಂದರೆ ಅಣ್ಣ ಒಬ್ಬನೇ.

ಅಣ್ಣ ಬಸವರಾಜ ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವನು. ನಮ್ಮೂರಿನ ಮಿಲ್ಲಿನಲ್ಲಿ ನೇಯುವುದನ್ನು ಕಲಿತ. ಅಲ್ಲಿದ್ದ ಗುಜರಾತಿ ನೇಯ್ಗೆ ಮಾಸ್ತರನೊಬ್ಬ ತನ್ನ ಊರಾದ ಅಹಮದಾಬಾದಿಗೆ ಮರಳುವಾಗ ಇವನನ್ನೂ ಕರೆದುಕೊಂಡು ಹೋದ. ಅಣ್ಣ ಮೂವತ್ತು ವರ್ಷ ಅಲ್ಲೇ ದುಡಿದ. ಮಿಲ್ಲು ಮುಚ್ಚಿ ಆಗಲೇ ಏಳೆಂಟು ವರ್ಷವಾಗಿತ್ತು. ಮಕ್ಕಳಿಲ್ಲ. ಆದರೂ ಅವನು ಆ ಊರು ಬಿಡುತ್ತಿರಲಿಲ್ಲ. ನಾನು ಮನೆಯ ಪಕ್ಕಕ್ಕೆ ಒಂದು ಕೋಣೆ, ಒಂದು ಅಡುಗೆಮನೆ ಕಟ್ಟಿಸಿ, ಬಂದುಬಿಡು ಎಂದು ಬರೆದೆ. ಅವನ ಕಾಗದಗಳು ಮುದ್ದಾಗಿರುತ್ತಿದ್ದವು, ಅಕ್ಷರವೂ ಮುದ್ದು. ನೋಡೋಣ ಎಂದು ಬರೆಯುತ್ತಿದ್ದ, ಅಷ್ಟೇ. ಕೊನೆಗೆ ಅವನಿಗೆ ಗೊತ್ತಾಗದಂತೆ ಅತ್ತಿಗೆಯೇ ನನಗೊಂದು ಕಾರ್ಡು ಹಾಕಿದಳು. ನೀನೇ ಬಂದು ಕರಕೊಂಡು ಹೋಗು, ನನಗೆ ಇಲ್ಲಿ ಸಾಕಾಗಿದೆ, ಎಂದು ಅದರಲ್ಲಿತ್ತು.

ಕರೆತರುವುದು ಸುಲಭವಲ್ಲ ಎಂದು ನನಗೆ ಗೊತ್ತಿತ್ತು. ಮೂರು ವರ್ಷದ ಹಿಂದೆ ನನ್ನ ಮಗಳ ಮದುವೆಗೆ ಬಂದಿದ್ದಾಗ ಅವನು ಯಾರೊಂದಿಗೂ ಸರಿಯಾಗಿ ಮಾತಾಡಿರಲಿಲ್ಲ. ಕೇಳಿದ್ದಕ್ಕೆ ಉತ್ತರವಿಲ್ಲ, ಕರೆದರೆ ತಿರುಗುತ್ತಿರಲಿಲ್ಲ. ದೊಡ್ಡ ಊರು ಸೇರಿ ಬಸಣ್ಣನಿಗೆ ಮದ ಬಂದಿದೆ ಎಂದು ನೆಂಟರು ಆಡಿಕೊಂಡರು. ಅಂಥವನನ್ನು ಕರೆತರಲು ಬಸ್ಸಿನಲ್ಲಿ ಬೊಂಬಾಯಿಗೆ ಹೋಗಿ, ಅಲ್ಲಿಂದ ರೈಲು ಹತ್ತಿದೆ.

ಸೂರತ್

ರೈಲಿನಲ್ಲಿ ನನ್ನೆದುರು ಕೂತದ್ದು ಒಬ್ಬ ಗುಜರಾತಿ ಗೃಹಸ್ಥ ಮತ್ತು ಅವನ ಮುದಿ ತಾಯಿ. ಗುಜರಾತಿಗಳ ಸ್ವಭಾವವೇ ಹಾಗೋ, ಇವರದ್ದೇ ಹಾಗೋ, ರೈಲು ಹೊರಟು ಹತ್ತು ನಿಮಿಷದೊಳಗೆ ನನ್ನ ಊರು, ಮಕ್ಕಳು, ಪಿಂಚಣಿ, ಮೊಣಕಾಲು ಎಲ್ಲವನ್ನೂ ಕೇಳಿ ತಿಳಿದುಕೊಂಡರು. ನಮ್ಮ ಕಡೆಯವರೂ ಕೇಳುತ್ತಾರೆ, ಆದರೆ ಅರಸೀಕೆರೆ ದಾಟುವವರೆಗಾದರೂ ತಡೆಯುತ್ತಾರೆ.

ಸೂರತ್ತಿಗೆ ಪ್ಲೇಗು ಬಂದು ಹೋಗಿ ಒಂದು ವರ್ಷವಾಗಿತ್ತಷ್ಟೇ. ಆ ಊರು ಬಂದಾಗ ಕಿಟಕಿ ಮುಚ್ಚಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕೆಂದು ನನ್ನ ಹೆಂಡತಿ ಆಣೆ ಹಾಕಿಸಿ ಕಳಿಸಿದ್ದಳು. ಮಾತು ಕೊಟ್ಟಾಗಿತ್ತು. ಸಚಿನ್ ಸ್ಟೇಷನ್ನು ಕಂಡದ್ದೇ ಟವೆಲು ತೆಗೆದು ಮುಖಕ್ಕೆ ಸುತ್ತಿಕೊಂಡೆ. ಮುದುಕಿ ನನ್ನನ್ನೇ ನೋಡಿ ಮಗನಿಗೆ ಏನೋ ಹೇಳಿ ಬಾಯಿ ತುಂಬ ನಕ್ಕಳು. ತಾವು ಮೂಲತಃ ಸೂರತ್ತಿನವರೇ, ಈಗ ಅಲ್ಲಿನ ಬೀದಿ ನಿಮ್ಮ ಊರಿನದಕ್ಕಿಂತ ಚೊಕ್ಕಟವಾಗಿದೆ ಎಂದು ಅಮ್ಮ ಹೇಳುತ್ತಿದ್ದಾಳೆ, ಎಂದು ಮಗ ಹಿಂದಿಯಲ್ಲಿ ತಿಳಿಸಿದ. ಪ್ಲಾಟ್‌ಫಾರ್ಮು ನೋಡಿದರೆ ನಿಜಕ್ಕೂ ಗುಡಿಸಿ ಒರೆಸಿದಂತಿತ್ತು. ನಾನು ನಾಚಿಕೊಂಡು ಟವೆಲು ಬಿಚ್ಚಿದೆ.

ಸೂರತ್ತು ಬರುವ ಮೊದಲು ಹಳಿಯ ಎರಡು ಕಡೆಯೂ ಮೈಲುಗಟ್ಟಲೆ ತಗಡಿನ ಶೆಡ್ಡುಗಳು. ಒಂದಕ್ಕೂ ಚಿಮಣಿಯಿಲ್ಲ, ಹೆಸರಿಲ್ಲ, ಗೇಟಿಲ್ಲ. ಒಳಗೆಲ್ಲ ಪವರ್‌ಲೂಮು ಎಂದ ಆ ಗೃಹಸ್ಥ. ಅಹಮದಾಬಾದಿನ ದೊಡ್ಡ ಮಿಲ್ಲುಗಳಲ್ಲಿ ಸತ್ತದ್ದು ಇಲ್ಲಿ ಸಣ್ಣ ಸಣ್ಣದಾಗಿ ಹುಟ್ಟಿದೆ. ಅಲ್ಲಿ ಯೂನಿಯನ್ನು, ಪಾಳಿ, ರಜೆ ಎಲ್ಲ ಇತ್ತು, ಇಲ್ಲಿ ಹನ್ನೆರಡು ಗಂಟೆ ದುಡಿತ, ಒರಿಸ್ಸಾದಿಂದ ಬಂದ ಹುಡುಗರು, ಎಂದ. ಇದು ಯಾವ ಪಾಠದಲ್ಲೂ ಇರಲಿಲ್ಲ. ನಾನು ಮೇಷ್ಟರ ಅಭ್ಯಾಸದಿಂದ ತಲೆಯಾಡಿಸಿದೆ, ಮೊದಲೇ ಗೊತ್ತಿದ್ದವನಂತೆ.

ಬರೋಡಾ

ಬರೋಡಾದಲ್ಲಿ ತಾಯಿ ಮಗ ಇಳಿದರು. ಇಳಿಯುವಾಗ ಮುದುಕಿ ನನ್ನ ತಲೆ ಸವರಿದಳು. ಅರವತ್ತರ ತಲೆಯನ್ನು ಸವರುವವರು ಈಗ ಯಾರಿದ್ದಾರೆ, ನನಗೆ ಸಂತೋಷವೇ ಆಯಿತು. ರೈಲು ಹೊರಟು ಅರ್ಧ ಗಂಟೆಯಾದ ಮೇಲೆ ನೋಡಿದರೆ ಅವಳು ತನ್ನ ಚೀಲ ಬಿಟ್ಟು ನನ್ನದನ್ನು ಎತ್ತಿಕೊಂಡು ಹೋಗಿದ್ದಳು. ಎರಡೂ ಬಟ್ಟೆ ಅಂಗಡಿಯ ಕೆಂಪು ಚೀಲಗಳು. ನನ್ನದರಲ್ಲಿ ಅಣ್ಣನಿಗೆಂದು ತಂದ ದಾವಣಗೆರೆಯ ಮಂಡಕ್ಕಿ ಮತ್ತು ಅತ್ತಿಗೆಗೆಂದು ನನ್ನ ಹೆಂಡತಿ ಕುಟ್ಟಿದ ಶೇಂಗಾ ಚಟ್ನಿಪುಡಿ ಇತ್ತು. ಅವಳದರಲ್ಲಿ ಮೆಂತ್ಯಸೊಪ್ಪಿನ ಥೇಪ್ಲಾ ರೊಟ್ಟಿಗಳು, ಒಂದು ಜಪಸರ. ಥೇಪ್ಲಾ ತಿಂದೆ. ಜಪಸರವನ್ನು ಏನು ಮಾಡುವುದೆಂದು ತಿಳಿಯದೆ ಜೇಬಿಗೆ ಹಾಕಿಕೊಂಡೆ.

ಊರು ಬಿಟ್ಟ ಮೇಲೆ ಕಾರ್ಖಾನೆಗಳ ಸಾಲು ಶುರುವಾಯಿತು. ಎತ್ತರದ ಕೊಳವೆಯೊಂದರ ತುದಿಯಲ್ಲಿ ಹಾಡಹಗಲೇ ಬೆಂಕಿ ಉರಿಯುತ್ತಿತ್ತು. ಡಬ್ಬಿಯೊಳಗೆ ಕೊಳೆತ ಮೊಟ್ಟೆಯ ವಾಸನೆ ನುಗ್ಗಿತು. ನನ್ನ ಹೊರತು ಯಾರೂ ಮೂಗು ಮುಚ್ಚಿಕೊಳ್ಳಲಿಲ್ಲ. ಎದುರಿಗೆ ಹೊಸದಾಗಿ ಬಂದು ಕೂತವನು ರಕಾಬಿಗೆ ಚಹಾ ಬಗ್ಗಿಸಿ, ಸೊರ್ರನೆ ಹೀರಿ, ಅರ್ಧ ನನಗೂ ಕೊಟ್ಟ. ಇಡೀ ಚಹಾ ಒಬ್ಬನೇ ಕುಡಿಯುವುದು ಈ ಕಡೆ ಅಷ್ಟು ಮರ್ಯಾದೆಯಲ್ಲ ಎಂದು ಕಾಣುತ್ತದೆ. ಸಕ್ಕರೆ ಎಷ್ಟಿತ್ತೆಂದರೆ ಹಲ್ಲು ಜುಮ್ಮೆಂದಿತು.

ಮಣಿನಗರ

ಡಬ್ಬಿಯ ಮುಕ್ಕಾಲು ಜನ ಗಂಟುಮೂಟೆ ಹಿಡಿದು ಬಾಗಿಲಿಗೆ ಹೋದರು. ಅಹಮದಾಬಾದ್ ಬಂತೆಂದು ನಾನೂ ಅವರ ಹಿಂದೆಯೇ ಇಳಿದೆ. ರೈಲು ಹೋದ ಮೇಲೆ ಬೋರ್ಡು ಓದಿದೆ, ಮಣಿನಗರ. ಅಹಮದಾಬಾದ್ ಇನ್ನೂ ಮುಂದಿನ ನಿಲ್ದಾಣ. ಮೂವತ್ತು ವರ್ಷ ಗೋಡೆಗೆ ನಕ್ಷೆ ತೂಗುಹಾಕಿ ಕೋಲಿನಿಂದ ಊರು ತೋರಿಸಿದವನ ಗತಿ ಇದು. ಅಣ್ಣ ಅಲ್ಲಿ, ಕಾಲೂಪುರ ಎಂದು ಕರೆಯುವ ಅಹಮದಾಬಾದಿನ ದೊಡ್ಡ ಸ್ಟೇಷನ್ನಿನಲ್ಲಿ, ನನಗಾಗಿ ಕಾಯುತ್ತಿದ್ದ.

ಸ್ಟೇಷನ್ನಿನ ಹೊರಗೆ ಒಂದು ಉಡುಪಿ ಹೋಟೆಲು ಕಂಡು ಜೀವ ಬಂದಂತಾಯಿತು. ಗಲ್ಲೆಯಲ್ಲಿದ್ದ ಶೆಟ್ಟರು ಕುಂದಾಪುರದ ಕಡೆಯವರು. ನನ್ನ ಕನ್ನಡ ಕೇಳಿದ್ದೇ ಎದ್ದು ಬಂದು ಎದುರು ಕೂತರು. ಸಾಂಬಾರು ಪಾಯಸದಂತೆ ಸಿಹಿಯಾಗಿತ್ತು. ಬೆಲ್ಲ ಹಾಕದಿದ್ದರೆ ಇಲ್ಲಿ ಯಾರೂ ಮುಟ್ಟುವುದಿಲ್ಲ, ಏನು ಮಾಡುವುದು ಮಾಷ್ಟ್ರೇ, ಎಂದು ಬೇಸರಪಟ್ಟರು. ಕಾಲೇಜಿಗೆ ಹೋಗುವ ಮಗಳು ಬಂದು ಅವರೊಡನೆ ಗುಜರಾತಿಯಲ್ಲಿ ಮಾತಾಡಿ ಹೋದಳು. ಅವಳಿಗೆ ಕನ್ನಡ ಅರ್ಥವಾಗುತ್ತದಂತೆ, ತಿರುಗಿ ಆಡಲು ಬರುವುದಿಲ್ಲವಂತೆ. ಭಾಷೆ ಎಂದರೆ ನೆಂಟಸ್ತಿಕೆ ಇದ್ದ ಹಾಗೆ, ಹೋಗಿ ಬಂದು ಮಾಡದಿದ್ದರೆ ತಪ್ಪಿಹೋಗುತ್ತದೆ ಎಂದರು ಶೆಟ್ಟರು. ನಾನು ಅಣ್ಣನ ವಿಚಾರ ಹೇಳಿ, ಅವನ ಮನೆಯ ವಿಳಾಸ ತೋರಿಸಿದೆ. ಗಿರಣಿಯವರಲ್ಲವೋ, ರಖಿಯಾಲ್ ಚಾರ್ ರಸ್ತಾಕ್ಕೆ ಹೋಗಿ, ಎಂದು ತಾವೇ ರಿಕ್ಷಾ ಕರೆದು ಕೂರಿಸಿ, ಚಾಲಕನಿಗೆ ಎರಡೆರಡು ಸಲ ಹೇಳಿ ಕಳಿಸಿದರು.

ರಖಿಯಾಲ್

ಈ ಊರಿನ ಭೂಗೋಳ ಬಹಳ ಸರಳ. ನಡುವೆ ಸಾಬರಮತಿ ನದಿ, ನಾನು ಹೋದಾಗ ಮರಳೇ ಹೆಚ್ಚು, ನೀರು ಕಡಿಮೆ. ನದಿಯ ಪಶ್ಚಿಮಕ್ಕೆ ಬಂಗಲೆಗಳು, ಕಾಲೇಜುಗಳು, ನೆರಳಿನ ಮರಗಳು. ಪೂರ್ವಕ್ಕೆ ಕೋಟೆಯೊಳಗಿನ ಹಳೇ ಪೇಟೆ. ಅದರಾಚೆ ರೈಲು ಹಳಿ. ಹಳಿಯಾಚೆ ಸರಸಪುರ, ಗೋಮತೀಪುರ, ರಖಿಯಾಲ್, ಅಂದರೆ ಗಿರಣಿಗಳು ಮತ್ತು ಗಿರಣಿಯವರು. ಗಾಳಿ ಪಶ್ಚಿಮದಿಂದ ಬೀಸುವ ಕಾಲದಲ್ಲಿ ಹೊಗೆಯೂ ಪೂರ್ವಕ್ಕೇ ಹೋಗುತ್ತದೆ. ಇದನ್ನು ಊರು ಕಟ್ಟಿದವರು ಯೋಚಿಸಿಯೇ ಮಾಡಿದರೋ, ತಾನಾಗಿ ಆಯಿತೋ, ಬಡವರ ಪಾಲಿಗೆ ಎರಡೂ ಒಂದೇ.

ಅಣ್ಣನ ಮನೆ ಒಂದು ಚಾಲಿಯಲ್ಲಿತ್ತು. ಚಾಲಿ ಎಂದರೆ ಒಂದಕ್ಕೊಂದು ಬೆನ್ನು ಕೊಟ್ಟ ಒಂಟಿ ಕೋಣೆಗಳ ಉದ್ದ ಸಾಲು, ನಡುವೆ ಎರಡಾಳು ಅಗಲದ ಓಣಿ, ಓಣಿಯ ತಲೆಗೆ ನಲ್ಲಿ. ನಮ್ಮೂರಿನ ಮಿಲ್ಲಿನ ಲೈನುಮನೆಗಳ ಹಾಗೆಯೇ, ಆದರೆ ನಮ್ಮಲ್ಲಿ ಹಿತ್ತಲಲ್ಲಿ ನುಗ್ಗೆ ಮರಕ್ಕಾದರೂ ಜಾಗವಿರುತ್ತದೆ. ಅತ್ತಿಗೆ ಬಾಗಿಲಲ್ಲೇ ಅತ್ತಳು. ಮಂಡಕ್ಕಿ ಕಳೆದುಹೋಯಿತೆಂದು ಹೇಳಿದಾಗ ಇನ್ನೊಂದು ಸಲ ಅತ್ತಳು. ಅವಳ ತಗಡಿನ ಟ್ರಂಕು ಆಗಲೇ ತುಂಬಿ, ಮೇಲೆ ಹಗ್ಗ ಬಿಗಿದು, ಗೋಡೆಗೆ ಒರಗಿತ್ತು.

ಅಣ್ಣ ಸಂಜೆಗೆ ಬಂದ. ನಾಲ್ಕು ರೈಲು ಬಂದು ಹೋಗುವವರೆಗೂ ಕಾಲೂಪುರದಲ್ಲಿ ನಿಂತೇ ಇದ್ದನಂತೆ. ತಪ್ಪಿ ಮಣಿನಗರದಲ್ಲಿ ಇಳಿದುಬಿಟ್ಟೆ, ಏನೋ ಮಂಕು ಕವಿಯಿತು ಎಂದು ನಾನು ಹೇಳುತ್ತಲೇ ಇದ್ದೆ. ಅವನು ನನ್ನ ಮುಖವನ್ನೇ ದಿಟ್ಟಿಸಿ ನೋಡಿ, ಇಡೀ ಚಾಲಿಗೆ ಕೇಳುವಂತೆ, ಊಟ ಆಯ್ತಾ ಎಂದ. ಕೋಪ ಬಂದಿದೆ ಎಂದುಕೊಂಡೆ.

ಮರುದಿನದಿಂದ ಅವನು ನನಗೆ ಊರು ತೋರಿಸಿದ. ನಡೆಸಿಯೇ ತೋರಿಸಿದ. ನನ್ನ ಮೊಣಕಾಲಿನ ವಿಚಾರ ಹೇಳಿದರೆ ತಲೆಯಾಡಿಸಿ ಇನ್ನೂ ಬೇಗ ನಡೆಯುತ್ತಿದ್ದ. ಇಲ್ಲಿ ಎಲ್ಲ ಜಾಗಕ್ಕೂ ಮುಚ್ಚಿದ ಗಿರಣಿಯ ಹೆಸರು. ಬಸ್ಸು ನಿಲ್ಲುವುದು ಇಂಥ ಮಿಲ್ಲಿನ ಗೇಟಿನಲ್ಲಿ, ತರಕಾರಿ ಕೊಳ್ಳುವುದು ಇಂಥ ಮಿಲ್ಲಿನ ಗೋಡೆಯ ಪಕ್ಕ. ಒಳಗೆ ನೋಡಿದರೆ ಎದೆಯುದ್ದ ಜಾಲಿ. ಚಿಮಣಿಗಳು ಮಾತ್ರ ನಿಂತಿದ್ದವು. ಅವನ್ನು ಕೆಡವುವ ಖರ್ಚು ಯಾರಿಗೂ ಬೇಡ. ಒಂದು ಕಾಲದಲ್ಲಿ ಬೆಳಗಿನ ಪಾಳಿಗೆ ಒಂದೊಂದು ಮಿಲ್ಲೂ ಒಂದೊಂದು ರಾಗದಲ್ಲಿ ಕೂಗುತ್ತಿತ್ತಂತೆ, ತಮ್ಮ ಮಿಲ್ಲಿನ ಕೂಗಿಗೆ ಎಳೇ ಮಕ್ಕಳೂ ಏಳುತ್ತಿದ್ದವಂತೆ. ಈಗ ಬಾಪುನಗರದ ಕಡೆ ವಜ್ರ ಉಜ್ಜುವ ಕೋಣೆಗಳು, ಇನ್ನೂ ಪೂರ್ವಕ್ಕೆ ಹೋದರೆ ಬಣ್ಣದ, ಔಷಧದ ಕಾರ್ಖಾನೆಗಳು. ಗಿರಣಿ ಕೆಲಸದವರಲ್ಲಿ ಹೆಚ್ಚಿನವರು ರಿಕ್ಷಾ ಓಡಿಸುತ್ತಾರೆ, ಇಲ್ಲವೇ ಗಾಡಿಯಲ್ಲಿ ಬಾಳೆಹಣ್ಣು ಮಾರುತ್ತಾರೆ.

ಒಂದು ಗೇಟಿನೆದುರು ನಿಂತು ಅಣ್ಣ ಹೇಳಿದ್ದನ್ನು ಮರೆಯುವಂತಿಲ್ಲ. ಲಾಳಿಯಲ್ಲಿ ನೂಲು ಮುಗಿದಾಗ ನೇಯುವವನು ಲಾಳಿಯ ಕಣ್ಣಿಗೆ ಬಾಯಿಟ್ಟು ಹೊಸ ಎಳೆಯನ್ನು ಉಸಿರಿನಿಂದ ಎಳೆಯಬೇಕಿತ್ತು. ಒಬ್ಬನ ಬಾಯಿ ತಾಗಿದ್ದನ್ನು ಇನ್ನೊಬ್ಬ ಮುಟ್ಟಬೇಕಲ್ಲ. ಅದಕ್ಕೇ ದಲಿತರನ್ನು ಮಗ್ಗದ ಖಾತೆಗೆ ಬಿಟ್ಟುಕೊಳ್ಳುತ್ತಿರಲಿಲ್ಲ, ಅವರೆಲ್ಲ ಸಂಬಳ ಕಡಿಮೆಯಿದ್ದ ನೂಲುವ ಖಾತೆಯಲ್ಲೇ ಮುದುಕರಾದರು. ಯಾವ ಚಾಲಿ ಯಾರದ್ದು ಎಂಬುದೂ ಅದರಿಂದಲೇ ತೀರ್ಮಾನವಾಯಿತು. ಈ ಕಾರಣವನ್ನು ನಾನು ಯಾವ ಹುಡುಗನಿಂದಲೂ ಬರೆಸಿರಲಿಲ್ಲ. ನನಗೆ ನನ್ನ ಐದು ಕಾರಣಗಳ ಬಗ್ಗೆಯೇ ಹೇಸಿಗೆಯಾಯಿತು.

ಇಷ್ಟೆಲ್ಲ ಹೇಳುವ ಅಣ್ಣ, ನಾನು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತಿರಲಿಲ್ಲ. ಊರಿಗೆ ಯಾವಾಗ ಹೊರಡೋಣ ಎಂದರೆ, ನಲ್ಲಿ ನೀರು ಆರು ಗಂಟೆಗೇ ನಿಲ್ಲುತ್ತೆ ಎನ್ನುತ್ತಿದ್ದ. ಕೋಣೆ ಕಟ್ಟಿಸಿದ್ದೇನೆ, ಅಡುಗೆಮನೆಗೆ ಕಡಪ ಕಲ್ಲು ಹಾಕಿಸಿದ್ದೇನೆ ಎಂದರೆ ಸುಮ್ಮನೆ ನಗುತ್ತಿದ್ದ. ಅದೇ ಓಣಿಯ ಆ ತುದಿಯಿಂದ ಯಾರೋ ಏನೋ ಅಂದರೆ ಥಟ್ಟನೆ ಗುಜರಾತಿಯಲ್ಲಿ ಉತ್ತರ ಕೊಟ್ಟು ಬರುತ್ತಿದ್ದ. ಚಾಲಿಯವರಿಗೆ ಅವನು ಬಸುಭಾಯಿ, ಎಲ್ಲರಿಗೂ ಬೇಕಾದವನು. ನಾಲ್ಕನೆಯ ದಿನಕ್ಕೆ ನನಗೆ ರೋಸಿಹೋಯಿತು.

ಅವನು ಸ್ನಾನಕ್ಕೆ ಹೋದಾಗ ಅತ್ತಿಗೆ ಮನಸ್ಸು ಬಿಚ್ಚಿದಳು.

"ನೋಡು ರುದ್ರಪ್ಪ, ರಸ್ತೆ ಆಚೆ ನಿಂತಿರೋನ ಮಾತು ಇವರಿಗೆ ತಿಳೀತೈತೆ. ಪಕ್ಕದಾಗೆ ಕುಂತಿರೋ ನನ್ನ ಮಾತು ತಿಳಿಯಲ್ಲ. ಗುಜರಾತಿನಾಗೆ ಅಂದ್ರೆ ಉತ್ತರ ಕೊಡ್ತಾರೆ, ಕನ್ನಡದಾಗೆ ಅಂದ್ರೆ ಗ್ವಾಡೆ ನೋಡ್ತಾರೆ. ಕಟ್ಕ್ಯಂಡ ಹೆಂಡ್ತಿ ಹತ್ರ ಪರಭಾಷೆ ಆಡಿ ಆಡಿ ನಂಗೆ ಸಾಕಾಗೈತಪ್ಪ. ನಮ್ಮ ಜನದ ಮದ್ಯೆ ಹೋಗಿ ಇರ್ಬೇಕು ನಾನು."

ಮಗ್ಗದವರಿಗೆ ಕಿವಿ ಸ್ವಲ್ಪ ಮಂದವೇ, ಅದು ತನಗೆ ಗೊತ್ತು, ಆದರೆ ಇದು ಕಿವಿಯ ವಿಚಾರವಲ್ಲ, ಮನಸ್ಸಿನ ವಿಚಾರ ಎಂದಳು. ನಾನೂ ಹೌದೆಂದೆ.

ಓಢವ್

ಅಣ್ಣ ಸುಮ್ಮನೆ ಕೂತಿರಲಿಲ್ಲ. ದಿನಾ ಮಧ್ಯಾಹ್ನ ಓಢವ್ ಕಡೆಯ ಒಂದು ಶೆಡ್ಡಿಗೆ ಹೋಗುತ್ತಿದ್ದ. ಅವನ ಮಿಲ್ಲಿನ ಹಳೇ ಜೊತೆಗಾರ ಕರೀಂಭಾಯಿ ಮತ್ತು ಅವನ ಮಕ್ಕಳು ಅಲ್ಲಿ ಇಪ್ಪತ್ತು ಮಗ್ಗ ಹಾಕಿಕೊಂಡಿದ್ದರು. ಮಿಲ್ಲಿನ ಯಂತ್ರಗಳನ್ನು ಗುಜರಿಗೆ ಹಾಕಿದಾಗ ಕೊಂಡ ಮಗ್ಗಗಳು. ಅವು ಕೆಟ್ಟರೆ ರಿಪೇರಿ ಮಾಡುವವನು ಅಣ್ಣ. ಐದನೆಯ ದಿನ ನನ್ನನ್ನೂ ಕರೆದುಕೊಂಡು ಹೋದ.

ಬಾಗಿಲು ದಾಟಿದ ಕ್ಷಣ ನನ್ನ ತಲೆಯೊಳಗೆ ಯಾರೋ ಕಲ್ಲು ಸುರಿದಂತಾಯಿತು. ಇಪ್ಪತ್ತು ಮಗ್ಗಕ್ಕೇ ಇಷ್ಟು ಸದ್ದಾದರೆ, ಅಣ್ಣ ಮೂವತ್ತು ವರ್ಷ ನಿಂತದ್ದು ಎಂಟುನೂರು ಮಗ್ಗಗಳ ನಡುವೆ. ನಾನು ಕಿವಿಗೆ ಕೈ ಹಚ್ಚಿ ಗೋಡೆಗೆ ಒರಗಿದೆ. ಆಗ ನೋಡಿದೆ. ಶೆಡ್ಡಿನ ಆ ಕೊನೆಯಲ್ಲಿ ಬಿಳಿ ಗಡ್ಡದ ಕರೀಂಭಾಯಿ, ಈ ಕೊನೆಯಲ್ಲಿ ಅಣ್ಣ. ನಡುವೆ ಹತ್ತು ಮಾರು ದೂರ. ಇಬ್ಬರೂ ಆರಾಮಾಗಿ ಹರಟೆ ಹೊಡೆಯುತ್ತಿದ್ದರು. ಸ್ವರವಿಲ್ಲ, ತುಟಿ ಮಾತ್ರ. ಆಗಾಗ ಎರಡು ಬೆರಳು ಮೇಲೆತ್ತುವುದು, ಗದ್ದ ಸವರುವುದು, ಅಷ್ಟೇ. ಕರೀಂಭಾಯಿ ಏನೋ ಅಂದ. ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನು ಹಾಗೆ ನಕ್ಕದ್ದನ್ನು ನಾನು ನೋಡಿ ಮೂವತ್ತು ವರ್ಷವಾಗಿತ್ತು. ನಾನು ಹತ್ತಿರ ಹೋಗಿ, ಹೊರಗೆ ಹೋಗೋಣ ನಡೆ ಎಂದು ಕೂಗಿದೆ. ಅಣ್ಣ ನನ್ನ ತುಟಿಯನ್ನು ನೋಡಿದ. ಅವನ ಕಣ್ಣು ಅಲ್ಲಿ ಏನನ್ನೋ ಹುಡುಕುತ್ತಿತ್ತು, ಸಿಗುತ್ತಿರಲಿಲ್ಲ. ನಗು ಮೆಲ್ಲಗೆ ಆರಿಹೋಯಿತು. ದಿನಾ ನನ್ನೆದುರು ಇರುತ್ತಿದ್ದ ಮುಖ ಅದೇ.

ಹೊರಗೆ ಬೇವಿನ ಮರದ ಕೆಳಗೆ ಚಹಾ ಬಂತು. ಅಣ್ಣ ನನಗೆ ಬೆನ್ನು ಮಾಡಿ ಮಗ್ಗದ ಒಂದು ಕೀಲಿಗೆ ಎಣ್ಣೆ ಬಿಡುತ್ತ ಕೂತಿದ್ದ. ಅಣ್ಣಾ, ಎಂದು ಕರೆದೆ. ತಿರುಗಲಿಲ್ಲ. ಮತ್ತೆ ಜೋರಾಗಿ ಕರೆದೆ. ರಸ್ತೆಯಲ್ಲಿ ಹೋಗುತ್ತಿದ್ದವರು ತಿರುಗಿದರು, ಅವನು ತಿರುಗಲಿಲ್ಲ.

ಕರೀಂಭಾಯಿ ನನ್ನನ್ನೇ ನೋಡುತ್ತಿದ್ದ. ನಿಮಗೆ ಗೊತ್ತಿರಲಿಲ್ಲವೇ ಎಂದು ಹಿಂದಿಯಲ್ಲಿ ಕೇಳಿದ. ಮಗ್ಗದ ಖಾತೆಯಲ್ಲಿ ಯಾರ ಕಿವಿಯೂ ಉಳಿಯುವುದಿಲ್ಲವಂತೆ. ತನ್ನದೂ ಒಂದು ಹೋಗಿದೆ, ಬಸುವಿನದು ಎರಡೂ ಪೂರ್ತಿ ಹೋಗಿವೆ ಎಂದ. ಅಲ್ಲಿ ಯಾರೂ ಕಿವಿಯಿಂದ ಕೇಳುವುದಿಲ್ಲ, ತುಟಿ ನೋಡಿಯೇ ತಿಳಿಯುವುದು. ಬಸು ಬಂದಾಗ ಅವನಿಗೆ ಗುಜರಾತಿಯ ಒಂದಕ್ಷರ ಬರುತ್ತಿರಲಿಲ್ಲ. ಆ ಸದ್ದಿನೊಳಗೆ ನಾವೇ ಕಲಿಸಿದೆವು. ಅವನು ನಮ್ಮ ಭಾಷೆಯನ್ನು ಕಲಿತದ್ದೇ ಕಣ್ಣಿನಿಂದ, ಅದಕ್ಕೇ ಅದು ಅವನ ಹತ್ತಿರ ಉಳಿದಿದೆ. ನಿಮ್ಮ ಭಾಷೆಯನ್ನು ತಾಯಿಯ ಹತ್ತಿರ ಕಿವಿಯಿಂದ ಕಲಿತಿದ್ದ, ಕಿವಿಯ ಜೊತೆಗೆ ಅದೂ ಹೋಯಿತು, ಎಂದ. ಹೇಳಿ, ರಕಾಬಿಯ ಚಹಾ ಹೀರಿದ.

ನನಗೆ ಅಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಯಾಕೆಂದರೆ ಮಗಳ ಮದುವೆಯ ದಿನ, ಧಾರೆಯ ಹೊತ್ತಿಗೆ ಅವನನ್ನು ಮೂರು ಸಲ ಕರೆದರೂ ಅವನು ಚಪ್ಪರದ ಕಂಬ ಹಿಡಿದು ಆಚೆ ನೋಡುತ್ತ ನಿಂತಿದ್ದಾಗ, ನೆಂಟರಿಷ್ಟರೆಲ್ಲರ ಮುಂದೆ ನಾನು ಅವನ ಬೆನ್ನಿಗೆ ಹೇಳಿದ್ದೆ: ಇವನು ನಮ್ಮ ಪಾಲಿಗೆ ಎಂದೋ ಸತ್ತಿದ್ದಾನೆ, ಇಲ್ಲಿ ನಿಂತಿರೋದು ಯಾವನೋ ಗುಜರಾತಿನೋನು. ಕೇಳಿಸಿಕೊಂಡೂ ಅವನು ತುಟಿಪಿಟಕ್ಕೆನ್ನಲಿಲ್ಲ ಎಂದು ಮೂರು ವರ್ಷ ಒಮ್ಮೆ ಕೋಪ ಮಾಡಿಕೊಂಡೆ, ಒಮ್ಮೆ ಅವನ ತಾಳ್ಮೆಗೆ ಒಳಗೊಳಗೇ ಕೈ ಮುಗಿದೆ. ಹೊಸ ಕೋಣೆ ಕಟ್ಟಿಸಿದ್ದೂ ಅದೇ ಪಾಪ ಕಳೆಯಲೆಂದೇ ಇರಬೇಕು.

ಜೇಬಿನಿಂದ ಡೈರಿ ತೆಗೆದು ಬರೆದೆ, ಕಿವಿ ಕೇಳಲ್ಲ ಅಂತ ಯಾಕೆ ಹೇಳಲಿಲ್ಲ? ಅವನ ಭುಜ ಮುಟ್ಟಿ ಕೊಟ್ಟೆ. ಓದಿದ. ಕರೀಂಭಾಯಿಯ ಕಡೆ ನೋಡಿದ. ಎಣ್ಣೆಯ ಕೈಯನ್ನು ಚಿಂದಿಯಲ್ಲಿ ಒರೆಸಿಕೊಂಡ. ಆಮೇಲೆ ತನ್ನ ಆ ಎತ್ತರದ, ಏರಿಳಿತವಿಲ್ಲದ ದನಿಯಲ್ಲಿ ಹೇಳಿದ.

"ಮದ್ವಿಗೆ ಬಂದಾಗ್ಲೇ ನಂಗೂ ಗೊತ್ತಾಗಿದ್ದು ಕಣಪ. ಎಲ್ರೂ ಬಾಯಿ ಆಡಸ್ತಾರೆ, ಒಬ್ಬರ ಮಾತೂ ಹತ್ತಲ್ಲ. ನನ್ನ ಊರಾಗೆ, ನಮ್ಮ ಜನದ ಮದ್ಯೆ ನಾನು ಕಿವುಡ. ಇಲ್ಲಿ ನಾನು ಕಿವುಡ ಅಲ್ಲ. ಇಲ್ಲಿ ನಂಗೆ ಎಲ್ಲಾ ಕೇಳ್ತೈತೆ."

ನಾನು ಡೈರಿ ತೆಗೆದುಕೊಂಡು, ಮುಚ್ಚಿ ಜೇಬಿಗಿಟ್ಟೆ. ಊರಿಗೆ ಬಾ ಎಂದು ಬರೆಯಲು ಮನಸ್ಸು ಬರಲಿಲ್ಲ. ನಾಳೆ ಅವನನ್ನು ಕರೆದುಕೊಂಡು ಹೋಗಿ ಕಡಪ ಕಲ್ಲಿನ ಅಡುಗೆಮನೆಯಲ್ಲಿ ಕೂರಿಸಿದರೆ, ಅವನೊಡನೆ ಮಾತಾಡುವವರು ಯಾರು?

ಮತ್ತೆ ರಖಿಯಾಲ್

ಅತ್ತಿಗೆಗೆ ಹೇಳುವುದು ನನ್ನ ಪಾಲಿಗೆ ಬಂತು. ಅವಳು ಅಕ್ಕಿ ಆರಿಸುತ್ತಿದ್ದಳು. ಮೊದಲು ನಂಬಲಿಲ್ಲ. ಅಣ್ಣ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಅವಳು ಎದ್ದು ಅವನ ಬೆನ್ನ ಹಿಂದೆ ನಿಂತು, ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ, ಗುಜರಾತಿಯಲ್ಲೇ ಕರೆದಳು. ಅವನು ಅಲುಗಲಿಲ್ಲ. ಮೊರದ ಮುಂದೆ ಬಂದು ಕೂತು, ಹತ್ತು ವರ್ಷದಿಂದ ತಾನು ಬೈದದ್ದು, ಬೇಡಿಕೊಂಡದ್ದು, ಅತ್ತದ್ದು ಯಾವುದೂ ಅವನಿಗೆ ಮುಟ್ಟಿಲ್ಲವಲ್ಲ ಎಂದು ಬಹಳ ಹೊತ್ತು ಕಣ್ಣೊರೆಸಿಕೊಂಡಳು. ತಾನು ಒಲೆಯ ಕಡೆ ತಿರುಗಿ ಆಡಿದ ಮಾತುಗಳೇ ಹೆಚ್ಚು ಎಂದಳು.

ಅವಳೊಬ್ಬಳಾದರೂ ಬರಲಿ, ಆರು ತಿಂಗಳು ಇದ್ದು ಹೋಗಲಿ ಎಂದು ನಾನು ಕೇಳಿದೆ. ನಿಜಕ್ಕೂ ಬರುತ್ತಾಳೆಂದು ಅಂದುಕೊಂಡಿದ್ದೆ.

"ಊರಾಗೆ ನನ್ನ ಮಾತು ಎಲ್ರಿಗೂ ಕೇಳ್ತೈತೆ ರುದ್ರಪ್ಪ. ಕೇಳಿದ್ರೆ ಕೇಳ್ಲಿ ಬಿಡು. ಇವರ ಎದ್ರಿಗೆ ಕುಂತು ಒಂದ್ಸಲನಾದ್ರೂ ಎಲ್ಲಾ ಹೇಳಬೇಕು ನಾನು. ಯಾವ ಭಾಷೆನಾಗಾದ್ರೂ ಆಗ್ಲಿ."

ಹೇಳಿ, ಟ್ರಂಕಿನ ಹಗ್ಗ ಬಿಚ್ಚಿ, ಸೀರೆಗಳನ್ನು ಮತ್ತೆ ಗೂಟಕ್ಕೆ ಹಾಕಿದಳು. ನನಗೆ ಬಂದ ಕೆಲಸ ಕೆಟ್ಟಿತೆಂದು ಬೇಸರವಾಗಬೇಕಿತ್ತು. ಆಗಲಿಲ್ಲ, ಆಯಾಸ ಮಾತ್ರ ಆಯಿತು. ಮುಂದಿನ ಮೂರು ದಿನ ಅವರ ಹರಟೆಯನ್ನು ನೋಡಿದೆ. ಕಿಟಕಿಯ ಬೆಳಕು ಮುಖಕ್ಕೆ ಬೀಳುವಂತೆ ಅವಳು ಅವನೆದುರು ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದಳು. ಗುಜರಾತಿಯಲ್ಲಿ ಏನೇನೋ ಹೇಳುತ್ತಿದ್ದಳು. ಅವನು ಬೆಚ್ಚುತ್ತಿದ್ದ, ನಗುತ್ತಿದ್ದ, ಒಂದೆರಡು ಸಲ ಅವಳ ಕಾಲು ಮುಟ್ಟಲೂ ಹೋದ. ನನಗೆ ಒಂದು ಮಾತೂ ತಿಳಿಯಲಿಲ್ಲ. ಆ ಕೋಣೆಯಲ್ಲಿ ಈಗ ಕಿವುಡ ಎಂದರೆ ನಾನೇ.

ಕಾಲೂಪುರ

ಹೊರಟ ದಿನ ಇಬ್ಬರೂ ಸ್ಟೇಷನ್ನಿಗೆ ಬಂದರು. ನನಗೆ ಕಿಟಕಿಯ ಪಕ್ಕದ ಸೀಟು ಸಿಕ್ಕಿತ್ತು. ಪ್ಲಾಟ್‌ಫಾರ್ಮಿನಲ್ಲಿ ಕೂಲಿಗಳ ಕೂಗು, ಇಂಜಿನ್ನಿನ ಸದ್ದು, ಧ್ವನಿವರ್ಧಕದ ಗುಜರಾತಿ. ಅಣ್ಣ ಒಬ್ಬನೇ ಅಷ್ಟರ ನಡುವೆ ಹಾಯಾಗಿ ನಿಂತಿದ್ದ. ಎದುರು ಪ್ಲಾಟ್‌ಫಾರ್ಮಿನಲ್ಲಿ ಜಗಳವಾಡುತ್ತಿದ್ದ ಗಂಡ ಹೆಂಡತಿ ಏನನ್ನುತ್ತಿದ್ದಾರೆ ಎಂಬುದನ್ನು ನೋಡಿ ನೋಡಿ ಅತ್ತಿಗೆಗೆ ವರದಿ ಮಾಡುತ್ತಿದ್ದ. ಅವಳು ನಗುತ್ತಿದ್ದಳು.

ಮದುವೆಯ ದಿನ ಅವನ ಬೆನ್ನಿಗೆ ನಾನಾಡಿದ್ದ ಮಾತನ್ನು ಡೈರಿಯಲ್ಲಿ ಬರೆದು ಕೊಟ್ಟು ಒಪ್ಪಿಕೊಳ್ಳಬಹುದಿತ್ತು. ಓಢವ್‌ನಿಂದ ಬಂದ ಮೇಲೆ ದಿನವೂ ಬರೆಯಲು ಹೋಗಿ ಪೆನ್ನು ಮುಚ್ಚಿದ್ದೆ. ರೈಲು ಕದಲಿದಾಗ ಮನಸ್ಸು ತಡೆಯಲಿಲ್ಲ. ಕಿಟಕಿಯ ಸರಳು ಹಿಡಿದು, ಅಣ್ಣಾ ನನ್ನದು ತಪ್ಪಾಯ್ತು, ಎಂದೆ. ಅವನು ನನ್ನ ತುಟಿಯನ್ನು ನೋಡಿದ, ಹುಡುಕಿದ, ಸಿಗಲಿಲ್ಲ. ಅತ್ತಿಗೆಯ ಕಡೆ ತಿರುಗಿದ. ಅವಳು ಅವನ ಗದ್ದವನ್ನು ತನ್ನ ಕಡೆ ಎಳೆದುಕೊಂಡು, ನಾನು ಹೇಳಿದ್ದನ್ನು ಅವನಿಗೆ ಗುಜರಾತಿಯಲ್ಲಿ ಹೇಳಿದಳು. ನನ್ನ ಒಡಹುಟ್ಟಿದವನಿಗೆ ನನ್ನ ಮಾತು ಮುಟ್ಟಿದ್ದು ಹಾಗೆ.

ರೈಲು ಆಗಲೇ ವೇಗ ಹಿಡಿದಿತ್ತು. ಅಣ್ಣ ಪಕ್ಕದಲ್ಲೇ ನಾಲ್ಕು ಹೆಜ್ಜೆ ಓಡಿ ಬಂದು, ಇಡೀ ಪ್ಲಾಟ್‌ಫಾರ್ಮು ತಿರುಗಿ ನೋಡುವಂತೆ ನಮ್ಮ ಕನ್ನಡದಲ್ಲಿ ಕೂಗಿದ.

"ಯಾವ ತಪ್ಪು? ನೀನೇನು ಮಾಡಿದ್ಯೋ?"

ಅವನ ಕಣ್ಣು ನನ್ನ ತುಟಿಯ ಮೇಲಿತ್ತು. ನಾನು ತುಟಿ ಬಿಚ್ಚಲಿಲ್ಲ.